ಕಾರಿನ ಬೆನ್ನಿನ ಅಕ್ಷರಗಳು

ನಂದೂರಿನ ರಸ್ತೆಯಲ್ಲಿ ಸಾಗುವ ಕಾರುಗಳ ಹಿಂಬದಿಯಲ್ಲಿ ಎರಡು ಬಗೆಯ ಅಕ್ಷರಗಳುಂಟು. ಫಲಕದ ಮೇಲಿನ ‘ಕೆಎ 32’ ಸರ್ಕಾರ ಕೊಟ್ಟದ್ದು. ಕರ್ನಾಟಕ, ಕಲಬುರಗಿ ಎಂದು ಶಾಲೆಯ ಹುಡುಗನೂ ಬಿಡಿಸಿ ಹೇಳಬಲ್ಲ. ಕೆಲವದರ ಮೇಲೆ ಹೊಳೆಯುವ ‘ಜಿಟಿ’ ಕಾರ್ಖಾನೆ ಕೊಟ್ಟದ್ದು. ಅದರ ಅರ್ಥವನ್ನು ಎಷ್ಟೋ ವೇಳೆ ಕಾರಿನ ಒಡೆಯನೂ ವಿಚಾರಿಸಿರುವುದಿಲ್ಲ.

ಜಿಟಿ ಎಂದರೆ ಇಟಲಿಯ ನುಡಿಯಲ್ಲಿ ‘ಗ್ರಾನ್ ಟುರಿಸ್ಮೊ’, ಮಹಾಪ್ರವಾಸ. ವೇಗದೊಡನೆ ದೂರಪ್ರಯಾಣದ ಸುಖವನ್ನೂ ಕೊಡುವ ಕಾರಿಗೆ ಸಂದ ಹೆಸರದು. ‘ಎಂಜಿ’ಯಲ್ಲಿ ಅಂಥ ಆಡಂಬರವಿಲ್ಲ, ಆಕ್ಸ್‌ಫರ್ಡಿನ ‘ಮಾರಿಸ್ ಗ್ಯಾರೇಜಸ್’ ಎಂಬ ಮಳಿಗೆಯ ಹೆಸರಷ್ಟೆ.

ಸ್ವಾರಸ್ಯವಿರುವುದು 1962ರ ಫೆರಾರಿ 250 ಜಿಟಿಒದಲ್ಲಿ. 250 ಎಂಬುದು ಅದರ ಹನ್ನೆರಡು ಸಿಲಿಂಡರುಗಳಲ್ಲಿ ಒಂದೊಂದರ ಗಾತ್ರ, ಘನ ಸೆಂಟಿಮೀಟರುಗಳ ಲೆಕ್ಕದಲ್ಲಿ. ಕೊನೆಯ ‘ಒ’ ಎಂದರೆ ‘ಒಮೊಲೊಗಾಟೊ’, ಪಂದ್ಯಕ್ಕೆ ಅಂಗೀಕೃತ. ಅಂಗೀಕಾರಕ್ಕೆ ನೂರು ಕಾರುಗಳು ತಯಾರಾಗಬೇಕೆಂಬುದು ನಿಯಮ, ತಯಾರಾದವು 36! ಹಳೆಯ 250 ಜಿಟಿಯ ತಿದ್ದಿದ ರೂಪವೇ ಇದೆಂದು ಸಾಧಿಸಿ ಫೆರಾರಿ ಒಪ್ಪಿಗೆ ಪಡೆಯಿತು. ಹೀಗೆ ದಕ್ಕಿದ ಅಕ್ಷರಗಳನ್ನೇ ಅಮೆರಿಕದ ಪಾಂಟಿಯಾಕ್ ಕಂಪನಿ ತನ್ನ 1964ರ ಮಾದರಿಗೂ ಇಟ್ಟುಕೊಂಡಿತು, ಅಂಗೀಕಾರದ ಗೊಡವೆಗೇ ಹೋಗದೆ.