ತಟ್ಟೆಯಲ್ಲಿರುವ ದೂಷೀವಿಷ ಮತ್ತು ಪುರುಷರ ಸಂತಾನಶಕ್ತಿ

ಮದುವೆಯಾಗಿ ಮೂರು ನಾಲ್ಕು ವರ್ಷಗಳಾದರೂ ಮಕ್ಕಳಾಗದಿದ್ದರೆ ನಮ್ಮ ಚಿಕಿತ್ಸಾಲಯಕ್ಕೆ ಮೊದಲು ಬರುವವಳು ಸೊಸೆ, ಕರೆತರುವವರು ಅತ್ತೆ. ಗಂಡ ಬರುವುದು ಬಹು ತಡವಾಗಿ. ಕೆಲವೊಮ್ಮೆ ಬರುವುದೇ ಇಲ್ಲ. ಅಷ್ಟರಲ್ಲಿ ಆ ಹೆಣ್ಣುಮಗಳು ಹತ್ತಾರು ಪರೀಕ್ಷೆ, ಹರಕೆ, ಉಪವಾಸಗಳನ್ನು ಮುಗಿಸಿರುತ್ತಾಳೆ; ಬಂಜೆಯೆಂಬ ಮಾತನ್ನೂ ಕೇಳಿರುತ್ತಾಳೆ. ಆದರೆ ಸಂತಾನವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಪುರುಷನ ದೋಷವೂ ಪಾಲು ಪಡೆದಿರುತ್ತದೆ. ಗರ್ಭಧಾರಣೆಗೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಿಬರಬೇಕೆಂದು ಸುಶ್ರುತಾಚಾರ್ಯರು ಹೇಳಿದ್ದಾರೆ. ಬಿತ್ತುವ ಮೊದಲು ಬೀಜವನ್ನು ಅಂಗೈಯಲ್ಲಿ ಹಿಡಿದು ನೋಡುವ ನಮ್ಮ ರೈತ, ಮನೆಯ ವಿಷಯದಲ್ಲಿ ಮಾತ್ರ ಹೊಲವನ್ನೇ ದೂರುತ್ತಾನೆ.

ಬೀಜಕ್ಕೆ ಏನಾಗುತ್ತಿದೆ? 1992ರಲ್ಲಿ ಡೆನ್ಮಾರ್ಕಿನ ವೈದ್ಯರು ಐವತ್ತು ವರ್ಷಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ, ಪುರುಷರ ವೀರ್ಯಾಣುಗಳ ಸಂಖ್ಯೆ ಗಣನೀಯವಾಗಿ ಕುಸಿದಿದೆಯೆಂದು ತೋರಿಸಿದರು. 2022ರಲ್ಲಿ ಪ್ರಕಟವಾದ ಮತ್ತೊಂದು ವ್ಯಾಪಕ ಪರಿಶೀಲನೆಯ ಪ್ರಕಾರ 1973ರಿಂದ 2018ರ ನಡುವೆ ಪ್ರತಿ ಮಿಲಿಲೀಟರಿನ ಸರಾಸರಿ ಸಂಖ್ಯೆ ಸುಮಾರು 10 ಕೋಟಿಯಿಂದ 5 ಕೋಟಿಗೆ ಇಳಿದಿದೆ. ಹಿಂದಿನ ಮತ್ತು ಇಂದಿನ ಎಣಿಕೆಯ ವಿಧಾನಗಳು ಒಂದೇ ಅಲ್ಲವೆಂದು ಆಕ್ಷೇಪಿಸುವ ವಿಜ್ಞಾನಿಗಳೂ ಇದ್ದಾರೆ. ಬೊಜ್ಜು, ಮಧುಮೇಹ, ತಂಬಾಕು, ಮದ್ಯ, ವೃಷಣದ ಸಿರೆಗಳ ಊತ ಇವೂ ಕಾರಣಗಳೇ. ಎಲ್ಲ ದೋಷವನ್ನೂ ಪ್ಲಾಸ್ಟಿಕ್ಕಿನ ಮೇಲೆ ಹೊರಿಸುವುದು ವೈದ್ಯಧರ್ಮವಲ್ಲ. ಆದರೆ ಈ ಪಟ್ಟಿಯಿಂದ ಅದನ್ನು ಕೈಬಿಡುವುದೂ ವೈದ್ಯಧರ್ಮವಲ್ಲ.

ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ಅದನ್ನು ಮೆತ್ತಗಾಗಿಸಲು, ಗಟ್ಟಿಯಾಗಿಸಲು ಬೇರೆ ಬೇರೆ ರಾಸಾಯನಿಕಗಳು ಬೇಕು. ಪಿವಿಸಿಯನ್ನು ಮೆತ್ತಗಾಗಿಸುವುದು ಥ್ಯಾಲೇಟ್. ಗಟ್ಟಿ ಪಾರದರ್ಶಕ ಪಾಲಿಕಾರ್ಬೊನೇಟ್ ಪಾತ್ರೆಯಲ್ಲೂ ಡಬ್ಬಿಗಳ ಒಳಲೇಪದಲ್ಲೂ ಇರುವುದು ಬಿಸ್ಫೆನಾಲ್-ಎ. ಅಂಗಡಿಯ ನುಣುಪು ರಸೀದಿ ಕಾಗದದಲ್ಲಿಯೂ ಇದನ್ನು ಬಳಸುತ್ತಾರೆ. ಈ ಬಿಸ್ಫೆನಾಲ್ ಸ್ತ್ರೀಹಾರ್ಮೋನಿನಂತೆ ವರ್ತಿಸುತ್ತದೆಂಬುದು 1936ರಷ್ಟು ಹಿಂದೆಯೇ ಪ್ರಯೋಗಶಾಲೆಯಲ್ಲಿ ಕಂಡುಬಂದಿತ್ತು. ಹಾಗಿದ್ದೂ ಮುಂದೆ ಅದು ಊಟದ ಪಾತ್ರೆಯಾಯಿತು! ಥ್ಯಾಲೇಟುಗಳಲ್ಲಿ ಕೆಲವು ಪುರುಷಹಾರ್ಮೋನಿನ ಉತ್ಪತ್ತಿಯನ್ನೇ ತಗ್ಗಿಸುತ್ತವೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಬಿಸಿ ಮತ್ತು ಎಣ್ಣೆಜಿಡ್ಡು ಇಂತಹ ದ್ರವ್ಯಗಳನ್ನು ಪಾತ್ರೆಯಿಂದ ಆಹಾರಕ್ಕೆ ಸೆಳೆಯುತ್ತವೆ.

ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ದೂಷೀವಿಷದ ವಿವರಣೆಯಿದೆ. ಅದು ವೀರ್ಯ ಕುಂದಿದ ವಿಷ, ಒಮ್ಮೆಲೇ ಕೊಲ್ಲದು, ದೇಹದಲ್ಲಿ ಬಹುಕಾಲ ಅಡಗಿದ್ದು ಧಾತುಗಳನ್ನು ಕೆಡಿಸುತ್ತದೆ. ರಸದಿಂದ ಶುಕ್ರದವರೆಗಿನ ಏಳು ಧಾತುಗಳಲ್ಲಿ ಶುಕ್ರವು ಕೊನೆಯದು. ಹೋಲಿಕೆ ಸಂಪೂರ್ಣವಲ್ಲವೆಂಬುದನ್ನೂ ಹೇಳಬೇಕು. ಬಿಸ್ಫೆನಾಲ್, ಥ್ಯಾಲೇಟುಗಳು ಬಹುಮಟ್ಟಿಗೆ ಒಂದೆರಡು ದಿನಗಳಲ್ಲಿ ಮೂತ್ರದ ಮೂಲಕ ಹೊರಹೋಗುತ್ತವೆ. ಅವು ಅಡಗಿ ಕುಳಿತಿರುವುದು ನಮ್ಮ ದೇಹದಲ್ಲಲ್ಲ, ನಮ್ಮ ದಿನಚರಿಯಲ್ಲಿ. ನಿತ್ಯವೂ ಹೊರಹೋಗುತ್ತವೆ, ನಿತ್ಯವೂ ಮತ್ತೆ ಒಳಬರುತ್ತವೆ. ಆದರೆ ಪ್ಲಾಸ್ಟಿಕ್ಕಿನ ಸೂಕ್ಷ್ಮಕಣಗಳ ಮಾತು ಬೇರೆ. 2024ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದವರು ಪರೀಕ್ಷಿಸಿದ 23 ಮಂದಿಯ ವೃಷಣಗಳಲ್ಲಿಯೂ ಅವು ದೊರೆತಿವೆ.

ರಾಸಾಯನಿಕವೊಂದು ಗಂಡುಮಕ್ಕಳ ಬೆಳವಣಿಗೆಯನ್ನು ಹೇಗೆ ತಡೆಯಬಲ್ಲದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಸಾಕ್ಷಿಯಿದೆ. ಗಡಿಯಾಚೆಯ ಕಾಸರಗೋಡಿನ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿಯಿತು. ಅಲ್ಲಿನ ಶಾಲಾಬಾಲಕರ ಲೈಂಗಿಕ ಬೆಳವಣಿಗೆ ತಡವಾಗಿರುವುದನ್ನು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು 2011ರಲ್ಲಿ. ಅದು ಕೀಟನಾಶಕ, ಪ್ಲಾಸ್ಟಿಕ್ ಅಲ್ಲ. ಆದರೆ ಪಾಠ ಒಂದೇ. ಪೂರ್ಣ ಪುರಾವೆ ಬರಲೆಂದು ಕಾಯುತ್ತ ಕುಳಿತರೆ, ಪುರಾವೆಯಾಗುವವರು ನಮ್ಮ ಮಕ್ಕಳೇ.

ಇನ್ನು ನಮ್ಮ ವೃತ್ತಿಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಗಂಡಸರು ಬಂದೊಡನೆ ಅಶ್ವಗಂಧ, ಕಪಿಕಚ್ಛು, ಲೇಹ್ಯಗಳನ್ನು ಬರೆದುಕೊಟ್ಟು ಕಳುಹಿಸಿದ ವರ್ಷಗಳು ನಮಗೂ ಇವೆ. ವೀರ್ಯಪರೀಕ್ಷೆ ಮಾಡಿಸಿರೆಂದು ಹೇಳಲು ಸಂಕೋಚಪಟ್ಟೆವು. ಮಧ್ಯಾಹ್ನದ ಊಟವನ್ನು ಯಾವುದರಲ್ಲಿ ಕಟ್ಟಿಕೊಂಡು ಹೋಗುತ್ತೀರೆಂದು ಕೇಳಲೇ ಇಲ್ಲ. ನಿದಾನವನ್ನು ತೊರೆಯುವುದೇ ಮೊದಲ ಚಿಕಿತ್ಸೆಯೆಂದು ಶಾಸ್ತ್ರ ಓದಿದವರು ನಾವು! ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತಾಯಿತು ಆ ವಾಜೀಕರಣ.

ವೀರ್ಯಾಣುವೊಂದು ರೂಪುಗೊಳ್ಳಲು ಸುಮಾರು 74 ದಿನಗಳು ಬೇಕು. ಆದ್ದರಿಂದ ಸಂತಾನವನ್ನು ಬಯಸುವ ಗಂಡಸರು ಮೂರು ತಿಂಗಳ ಪಥ್ಯವನ್ನಾದರೂ ಹಿಡಿಯಲಿ. ಬಿಸಿ ಸಾರು, ಚಹಾ, ಎಣ್ಣೆಯ ಪದಾರ್ಥ ಪ್ಲಾಸ್ಟಿಕ್ಕಿನಲ್ಲಿ ಬೇಡ; ಹೋಟೆಲಿಗೆ ಸ್ಟೀಲ್ ಡಬ್ಬಿ ಒಯ್ಯಲಿ. ಕಾಗದದ ಲೋಟ ಸುರಕ್ಷಿತವೆಂಬ ಭ್ರಮೆಯೂ ಬೇಡ. ಅದರ ಒಳಪದರ ಪ್ಲಾಸ್ಟಿಕ್ಕಿನದು. 15 ನಿಮಿಷ ಬಿಸಿ ದ್ರವ ನಿಂತ ಅಂತಹ ಲೋಟದಿಂದ ಸುಮಾರು 25,000 ಸೂಕ್ಷ್ಮಕಣಗಳು ಬಿಡುಗಡೆಯಾಗುವುದನ್ನು ಖರಗ್‌ಪುರದ ಐಐಟಿಯವರು ಎಣಿಸಿ ತೋರಿಸಿದ್ದಾರೆ. ಇದರ ಜೊತೆಗೆ ತಂಬಾಕನ್ನು ಬಿಡದಿದ್ದರೆ ಉಳಿದೆಲ್ಲ ಪಥ್ಯ ವ್ಯರ್ಥ.

ಆದರೆ ಗರ್ಭದಲ್ಲಿರುವ ಗಂಡುಶಿಶುವಿಗೆ ಈ ಮೂರು ತಿಂಗಳ ಅವಕಾಶವಿಲ್ಲ. ಅದರ ಜನನಾಂಗಗಳ ರಚನೆಗೆ ನಿರ್ಣಾಯಕವಾದ ಕಾಲ ಸುಮಾರು 8ರಿಂದ 14ನೆಯ ವಾರ. ಅಂದರೆ ಕುಬಸದ ಸಂಭ್ರಮಕ್ಕೂ ಮೊದಲು. ಆಗ ತಾಯಿಯ ತಟ್ಟೆಗೆ ಬಂದದ್ದರ ಪರಿಣಾಮ ಮಗನ ಯೌವನದಲ್ಲಿ ಕಾಣಬಹುದು. ಆದ್ದರಿಂದ ಬಸುರಿಯ ಊಟ ಇಡೀ ಮನೆಯ ಹೊಣೆ.

ಕೊನೆಯದಾಗಿ ಶ್ರೀಮಠಗಳಲ್ಲಿ ನಮ್ಮದೊಂದು ಅರಿಕೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟಗಳ ನಿಷೇಧ 2016ರಿಂದಲೇ ಇದೆ. ಆದರೂ ಜಾತ್ರೆಗಳಲ್ಲಿ ಕುದಿಯುವ ಸಾರು, ತುಪ್ಪ ಹಾಕಿದ ಗೋದಿ ಹುಗ್ಗಿ ಪ್ಲಾಸ್ಟಿಕ್ ಪದರದ ತಟ್ಟೆಗೆ ಬೀಳುವುದನ್ನು ನಾವು ಈಗಲೂ ಕಾಣುತ್ತೇವೆ. ಬಾಳೆ ಎಲೆಯ ಚಿತ್ರ ಅಚ್ಚಾದ ಹಾಳೆ ಬಾಳೆ ಎಲೆಯಾಗುವುದಿಲ್ಲ. ಸ್ಟೀಲ್ ತಟ್ಟೆಗೆ ನೀರು, ಜನ ಸಾಲದೆಂಬ ಕಷ್ಟ ನಮಗೆ ಗೊತ್ತು. ಅಂತಹ ಕಡೆ ಮುತ್ತುಗದ ಎಲೆಯಿದೆ, ಅಡಿಕೆಯ ಹಾಳೆಯಿದೆ. ಅವುಗಳನ್ನು ಹೊಲೆಯುವ, ಒತ್ತುವ ಕೈಗಳಿಗೆ ಕೂಲಿಯೂ ದೊರೆಯುತ್ತದೆ. ನೀರಿರುವೆಡೆ ತಟ್ಟೆ ತೊಳೆಯುವುದನ್ನು ಭಕ್ತರು ಹಂಚಿಕೊಳ್ಳಲಿ, ಅದೂ ಕಾಯಕವೇ. ದಾಸೋಹವೆಂದರೆ ಹಸಿವನ್ನು ನೀಗುವುದು ಮಾತ್ರವಲ್ಲ; ಉಂಡವನಿಗೆ ಕೇಡಾಗದಂತೆ ನೋಡಿಕೊಳ್ಳುವುದೂ ಹೌದು. ಮಠದ ಪಂಕ್ತಿಯಲ್ಲಿ ಪ್ಲಾಸ್ಟಿಕ್ ನಿಂತರೆ ಊರಿನ ಮದುವೆಗಳಲ್ಲಿಯೂ ನಿಲ್ಲುತ್ತದೆಂಬುದು ನಮ್ಮ ದೃಢವಾದ ನಂಬಿಕೆ.

ಮುಂದಿನ ಸಲ ಸೊಸೆಯನ್ನು ವೈದ್ಯರಲ್ಲಿಗೆ ಕರೆತರುವ ಅತ್ತೆಯರು ಮಗನನ್ನೂ ಜೊತೆಗೆ ಕರೆತರಲಿ. ಅವನ ಊಟದ ಡಬ್ಬಿಯೂ ಜೊತೆಗೆ ಬರಲಿ.