ಗದ್ದೆಯಲ್ಲಿ ಟೆಂಟ್: ಬಾಡಿಗೆ ಯಾರಿಗೆ, ನೋಟಿಸ್ ಯಾರಿಗೆ?

ಗಂಗಾವತಿ: ಹಿಟ್ನಾಳ ಕ್ರಾಸ್‌ನಲ್ಲಿ ಹೆದ್ದಾರಿ ಬಿಟ್ಟು ಸಣಾಪುರ, ಆನೆಗೊಂದಿ ಕಡೆ ತಿರುಗಿದರೆ ಕಲ್ಲುಗುಡ್ಡ, ಅದರ ಬುಡಕ್ಕೆ ಭತ್ತದ ಗದ್ದೆ. ಈ ನೋಟಕ್ಕೇ ಹೈದರಾಬಾದು, ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಕಾರು ಹತ್ತಿ ಬರುವ ಜನ ಇದ್ದಾರೆ. ಹೋಮ್‌ಸ್ಟೇ, ರೆಸಾರ್ಟ್ ಬೋರ್ಡುಗಳ ನಡುವೆ ಈಗ ಕ್ಯಾಂಪಿಂಗ್, ಗ್ಲಾಂಪಿಂಗ್ ಅನ್ನೋ ಮಾತೂ ಸೇರಿಕೊಂಡಿದೆ. ಗ್ಲಾಂಪಿಂಗ್ ಅಂದ್ರೆ ಮತ್ತೇನಿಲ್ಲ, ಟೆಂಟ್ ಒಳಗೇ ಮಂಚ, ಕೂಲರ್, ಬಾತ್‌ರೂಮ್. ಹೊರಗಿನಿಂದ ಡೇರೆ, ಒಳಗೆ ಲಾಡ್ಜು.

ಈ ಸಲ ಟಿಬಿ ಡ್ಯಾಮಿನ ಗೇಟ್ ಬದಲಿಸುವ ಕೆಲಸಕ್ಕೆ ಎರಡನೇ ಬೆಳೆಗೆ ನೀರು ಬಿಡಲಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದ ಮೇಲೆ ಆ ಕೆಲಸ ಆಗಲೇಬೇಕಿತ್ತು, ಅದರ ಬಗ್ಗೆ ತಕರಾರಿಲ್ಲ. ಆದರೆ ಬೇಸಿಗೆಯಲ್ಲಿ ಖಾಲಿ ಬಿದ್ದ ಗದ್ದೆಯ ಮಾಲೀಕನಿಗೆ ಯಾರಾದರೂ ಬಂದು 'ಎರಡು ಎಕರೆ ಕೊಡಿ, ಟೆಂಟ್ ಹಾಕ್ತೀವಿ, ತಿಂಗಳಾ ತಿಂಗಳಾ ದುಡ್ಡು ಕೊಡ್ತೀವಿ' ಅಂದರೆ ಬೇಡ ಅನ್ನೋದು ಕಷ್ಟ. ಗೊಬ್ಬರದ ಅಂಗಡಿ ಬಾಕಿ ಇರುತ್ತೆ, ಸೊಸೈಟಿ ಸಾಲ ಇರುತ್ತೆ. ಕೊಡಬೇಡಿ ಅಂತ ಹೇಳೋಕೆ ಈ ಲೇಖನ ಬರೀತಿಲ್ಲ. ನಾಳೆ ಎಡವಟ್ಟಾದರೆ ನಿಲ್ಲಬೇಕಾದವರು ಯಾರು ಅನ್ನೋದನ್ನು ಸಹಿ ಹಾಕೋ ಮುಂಚೆ ನೋಡಿಕೊಳ್ಳಲಿ ಅಂತ.

'ಟೆಂಟ್ ಅಂದ್ರೆ ಕಟ್ಟಡ ಅಲ್ಲ, ಪರ್ಮಿಶನ್ ಬೇಕಿಲ್ಲ' ಅನ್ನೋ ಮಾತು ಎಲ್ಲ ಕಡೆ ಓಡಾಡ್ತಿದೆ. ಇದು ಅರ್ಧ ಸತ್ಯವೂ ಅಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮು ಕೇಳುವುದು ಜಮೀನನ್ನು ಯಾವುದಕ್ಕೆ ಬಳಸುತ್ತೀರಿ ಅಂತ. ಮೇಲೆ ಕಾಂಕ್ರೀಟ್ ಇದೆಯೋ ಬಟ್ಟೆ ಇದೆಯೋ ಅನ್ನೋದು ಆಮೇಲಿನ ಮಾತು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ತಿರುಗಿಸಬೇಕಾದರೆ ಜಿಲ್ಲಾಧಿಕಾರಿ ಅನುಮತಿ ಬೇಕು.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಮರೆತೇ ಹೋಗಿದೆ. 1961ರ ಭೂ ಸುಧಾರಣಾ ಕಾಯ್ದೆ ಪ್ರಕಾರ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೇ ಅವಕಾಶ ಇಲ್ಲ. 1974ರ 'ಉಳುವವನೇ ಹೊಲದೊಡೆಯ' ತಿದ್ದುಪಡಿಯ ಫಲ ಅದು. 2020ರ ತಿದ್ದುಪಡಿಯಲ್ಲಿ ಜಮೀನು ಕೊಳ್ಳುವವರ ಮೇಲಿನ ನಿರ್ಬಂಧ ಸಡಿಲಾಯಿತು, ಗೇಣಿ ನಿಷೇಧ ಹಾಗೇ ಉಳಿಯಿತು. ಹಾಗಾಗಿ ಭೂ ಪರಿವರ್ತನೆ ಆಗದ ಗದ್ದೆಗೆ ಬಾಂಡ್ ಪೇಪರ್ ಮೇಲೆ ಮಾಡಿಕೊಂಡ 'ಐದು ವರ್ಷದ ಲೀಜ್' ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತೆ, ವಕೀಲರನ್ನು ಕೇಳಿ ನೋಡಿ. ಬಾಡಿಗೆ ನಿಂತರೆ ವಸೂಲಿ ಮಾಡೋಕೂ ಅದೇ ಕಾಗದ ಬೇಕಲ್ಲ!

ಟೆಂಟ್‌ನವರು ಒಂದು ರಾತ್ರಿಯಲ್ಲಿ ಎಲ್ಲ ಬಿಚ್ಚಿ ಲಾರಿಗೆ ಹಾಕಿಕೊಂಡು ಹೋಗಬಹುದು. ಪಹಣಿಯಲ್ಲಿ ಹೆಸರು ಇರೋದು ರೈತನದು, ನೋಟಿಸ್ ಬರೋದು ಆ ಹೆಸರಿಗೆ.

ಹಂಪಿ ಪ್ರಾಧಿಕಾರದ ವ್ಯಾಪ್ತಿಗೆ ಬರುವ ಊರುಗಳಲ್ಲಿ ಇದರ ಮೇಲೆ ಇನ್ನೊಂದು ಪದರ ಇದೆ. 2002ರ ಕಾಯ್ದೆಯಡಿ ಬಂದ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಅದು ಬೇಗ ಸಿಗಲ್ಲ ಅನ್ನೋ ದೂರು ನಿಜವೇ. ಆದರೆ ಒಪ್ಪಿಗೆ ಇಲ್ಲದೆ ನಡೆಸಿದ್ದರ ಕೊನೆ ಏನಾಗುತ್ತೆ ಅಂತ ವಿರೂಪಾಪುರ ಗಡ್ಡಿಯಲ್ಲಿ ಕಣ್ಣಾರೆ ಕಂಡಿದ್ದೇವೆ. 1988ರಲ್ಲೇ ರಕ್ಷಿತ ಪ್ರದೇಶ ಅಂತ ಅಧಿಸೂಚನೆ ಆಗಿದ್ದ ಜಾಗ ಅದು. ವರ್ಷಗಟ್ಟಲೆ ವ್ಯಾಪಾರ ನಡೆಯಿತು, ಯಾರೂ ಕೇಳಲಿಲ್ಲ. ಕೇಸು ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಗಿ, 2020ರ ಫೆಬ್ರುವರಿಯಲ್ಲಿ ತೀರ್ಪು ಬಂದು, ಮಾರ್ಚ್‌ನಲ್ಲಿ ಜೆಸಿಬಿ ಬಂತು. ಇಷ್ಟು ದಿನ ಯಾರೂ ಕೇಳಲಿಲ್ಲ ಅನ್ನೋದು ಪರವಾನಗಿ ಆಗುವುದಿಲ್ಲ.

ಕಾನೂನು ಬದಿಗಿಟ್ಟು ವ್ಯಾಪಾರದ ಲೆಕ್ಕ ಹಾಕಿದರೂ ಪ್ರಶ್ನೆಗಳಿವೆ. ನಮ್ಮ ಬಿಸಿಲು ಗೊತ್ತಿದ್ದದ್ದೇ, ಏಪ್ರಿಲ್ ಹೊತ್ತಿಗೆ ನಲವತ್ತು ಡಿಗ್ರಿ. ಹಗಲೆಲ್ಲ ಕಾದ ಬಂಡೆ ರಾತ್ರಿ ಹತ್ತಕ್ಕೂ ಬಿಸಿ ಉಗುಳುತ್ತೆ. ಆ ಗುಡ್ಡದ ಬುಡದ ಡೇರೆಯಲ್ಲಿ ಕೂಲರ್ ಇದ್ದರೂ ನಿದ್ದೆ ಬರೋದು ಅನುಮಾನ, ಕರೆಂಟ್ ಹೋದರಂತೂ ಮುಗೀತು. ಗದ್ದೆಯಲ್ಲಿ ನೀರಿದ್ದಾಗ ಸೊಳ್ಳೆ, ಪಕ್ಕದ ರೈತ ಔಷಧಿ ಹೊಡೆದ ದಿನ ವಾಸನೆ. ಅವನಿಗೆ ಹೊಡೆಯಬೇಡ ಅನ್ನೋಕಾಗುತ್ತಾ? ಒಟ್ಟು ಹೇಳಿದರೆ ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಸೀಸನ್, ಉಳಿದದ್ದು ಕಾಯೋದು. ಹನ್ನೆರಡು ತಿಂಗಳ ಬಾಡಿಗೆ ಗ್ಯಾರಂಟಿ ಅಂತ ಹೇಳಿದವರು ಆ ಏಳು ತಿಂಗಳ ದುಡ್ಡು ಎಲ್ಲಿಂದ ತರ್ತಾರೆ?

ಅಷ್ಟೇ ಅಲ್ಲ, ಟೆಂಟ್‌ನವರು ಮಾರುವುದು ಹಸಿರು ಗದ್ದೆಯ ನೋಟ. ಆ ಹಸಿರು ಎಡದಂಡೆ ನಾಲೆ ನೀರಿನದು, ನಾಟಿ ಮಾಡಿದವರ ಬೆವರಿನದು. ಹತ್ತು ಗದ್ದೆಯಲ್ಲಿ ನಾಲ್ಕು ಡೇರೆಯಾದರೆ ನೋಡೋಕೆ ಉಳಿಯೋದು ಡೇರೆ. ನೀರು ಬಿಡದ ಈ ಬೇಸಿಗೆಯಂಥ ವರ್ಷ ನೋಡೋಕೆ ಉಳಿಯೋದು ಬರೀ ಕೂಳೆ.

ಬಾತ್‌ರೂಮಿನ ನೀರು ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳ್ತಿಲ್ಲ. ಗದ್ದೆ ಬಯಲಲ್ಲಿ ಭೂಮಿಯ ಹಸಿ ಮೇಲೇ ಇರುತ್ತೆ. ಅಲ್ಲಿ ಇಂಗುಗುಂಡಿ ತೋಡಿದರೆ ನೀರು ಇಂಗಲ್ಲ, ತುಂಬಿ ಪಕ್ಕದ ಬಸಿಗಾಲುವೆಗೆ ಹರಿಯುತ್ತೆ. ಅಲ್ಲಿಂದ ಹಳ್ಳ, ಹಳ್ಳದಿಂದ ನದಿ. ನದಿ ದಂಡೆಯ ಊರುಗಳು ಕುಡಿಯೋದು ಅದನ್ನೇ.

ಇನ್ನು 2025ರ ಮಾರ್ಚ್ 6ರ ರಾತ್ರಿ. ಸಣಾಪುರದ ಹತ್ತಿರ ನಾಲೆ ದಂಡೆ ಮೇಲೆ ಕೂತಿದ್ದ ಹೋಮ್‌ಸ್ಟೇ ಒಡತಿ ಮತ್ತು ಅವರ ಅತಿಥಿಗಳ ಮೇಲೆ ದಾಳಿ ನಡೆಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ, ನಾಲೆಗೆ ತಳ್ಳಲಾದ ಮೂವರಲ್ಲಿ ಒಡಿಶಾದ ಯುವಕನ ಸಾವು. ಅದಕ್ಕೆ ಎರಡು ವಾರ ಮೊದಲು ಅದೇ ಸಣಾಪುರದಲ್ಲಿ ಹೈದರಾಬಾದಿನ ಯುವ ವೈದ್ಯೆ ಬಂಡೆ ಮೇಲಿಂದ ನದಿಗೆ ಜಿಗಿದು ಕೊಚ್ಚಿಹೋಗಿದ್ದರು. ಜಿಲ್ಲೆಯ ಹೆಸರು ದೇಶ-ವಿದೇಶದ ಪೇಪರಿನಲ್ಲಿ ಬಂದದ್ದು ಹೀಗೆ. ಗೋಡೆ, ಬಾಗಿಲು, ಚಿಲಕ ಇಲ್ಲದ ಡೇರೆಯಲ್ಲಿ ಜನರನ್ನು ಮಲಗಿಸುವವರು ರಾತ್ರಿ ಕಾವಲಿಗೆ ಯಾರಿದ್ದಾರೆ, ಬೆಳಕು ಎಲ್ಲಿದೆ ಅಂತ ಹೇಳಬೇಕು. ಚಿರತೆ, ಕರಡಿ ಓಡಾಡೋ ಗುಡ್ಡ ಅನ್ನೋದೂ ನೆನಪಿರಲಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ವಿವರ ಸಲ್ಲಿಸಬೇಕು ಅನ್ನೋ ನಿಯಮ ಟೆಂಟಿಗೂ ಅನ್ವಯ.

ಅಂಗಡಿಯವರಿಗೆ ಒಂದು ಮಾತು. ಪ್ರವಾಸಿ ಬಂದರೆ ಊರಿನ ವ್ಯಾಪಾರ ಬೆಳೆಯುತ್ತೆ ಅನ್ನೋದು ಅವರು ಊರಲ್ಲಿ ಕೊಂಡರೆ ಮಾತ್ರ. ಊಟ, ನೀರಿನ ಬಾಟಲಿ, ಸೌದೆ, ತೆಪ್ಪ ಎಲ್ಲವನ್ನೂ ಪ್ಯಾಕೇಜಿನಲ್ಲಿ ಕಟ್ಟಿ ಸಾಮಾನು ಹೊರಗಿನಿಂದ ತರಿಸಿದರೆ ಆನೆಗೊಂದಿಯ ಕಿರಾಣಿ ಅಂಗಡಿಗೆ ಸಿಗೋದು ಒಂದು ಬೆಂಕಿಪೊಟ್ಟಣದ ವ್ಯಾಪಾರ. ಅದಕ್ಕಿಂತ ಅಂಜನಾದ್ರಿಗೆ ಬಸ್ಸಿನಲ್ಲಿ ಬಂದು ಕಾಯಿ, ಬಾಳೆಹಣ್ಣು, ಮಂಡಕ್ಕಿ ಮಿರ್ಚಿ ತಗೊಳ್ಳೋ ಭಕ್ತರೇ ವಾಸಿ. ಕ್ಯಾಂಪಿನವರು ಬಂದು ತಿಂಗಳ ಖಾತೆ ತೆರೀರಿ ಅಂದರೆ ಪಂಚಾಯಿತಿ ಲೈಸೆನ್ಸ್ ತೋರಿಸಿ ಅನ್ನಿ. ಲೈಸೆನ್ಸ್ ಇಲ್ಲದವನಿಗೆ ಉದ್ರಿ ಕೊಟ್ಟರೆ, ಡೇರೆ ಬಿಚ್ಚಿದ ದಿನ ನಿಮ್ಮ ಖಾತೆ ಪುಸ್ತಕವೂ ಬಿಚ್ಚಿದ ಹಾಗೆ.

ರೈತ ತಾನೇ ತನ್ನ ಮನೆಯಲ್ಲಿ ಎರಡು ಕೋಣೆ ಸರಿಪಡಿಸಿ, ಹೋಮ್‌ಸ್ಟೇ ನೋಂದಣಿ ಮಾಡಿಸಿ ನಡೆಸಿದರೆ ದುಡ್ಡೂ ಮನೆಯಲ್ಲೇ, ಗದ್ದೆಯೂ ಗದ್ದೆಯಾಗೇ ಇರುತ್ತೆ. ಆದರೆ ಅದಕ್ಕೆ ಪ್ರವಾಸೋದ್ಯಮ ಇಲಾಖೆ, ಪ್ರಾಧಿಕಾರ, ಪಂಚಾಯಿತಿ ಅಂತ ಹೊಸಪೇಟೆ, ಕೊಪ್ಪಳ, ಊರು ಸುತ್ತೋ ಹೊತ್ತಿಗೆ ಸೀಸನ್ನೇ ಮುಗೀತದ. ಈ ಅರ್ಜಿಗಳನ್ನು ವಾರಕ್ಕೊಂದು ದಿನ ಗಂಗಾವತಿ ತಹಶೀಲ್ದಾರ್ ಕಚೇರಿಯಲ್ಲೇ ತಗೊಂಡು, ಆಗುತ್ತೆ ಅಥವಾ ಆಗಲ್ಲ ಅಂತ ತಿಂಗಳೊಳಗೆ ಬರೆದು ಕೊಟ್ಟರೆ ಬಾಂಡ್ ಪೇಪರ್ ದಲ್ಲಾಳಿಗಳಿಗೆ ಅರ್ಧ ಕೆಲಸ ಇರಲ್ಲ. ಅಕ್ಟೋಬರ್‌ಗೆ ಮತ್ತೆ ಸೀಸನ್ ಶುರು. ಗದ್ದೆ ಕೇಳಿಕೊಂಡು ಬರೋರು ಅದಕ್ಕೂ ಮುಂಚೆ ಬರ್ತಾರೆ.