ಟಿಟಿ ಹಾಕಿಸಿದರೆ ಮುಗಿಯಿತೇ?

ಬೆಂಗಳೂರಿನ ಕಾಮಾಕ್ಷಿಪಾಳ್ಯದ ಶೆಡ್ಡುಗಳಲ್ಲಿ ಲೇತ್ ಮುಂದೆ ನಿಂತವರ ಕೈ ನೋಡಿ. ಕಬ್ಬಿಣದ ಚೂರು ಬೆರಳು ಕೊಯ್ದರೆ ಗ್ರೀಸ್ ಮೆತ್ತಿದ ಕಾಟನ್ ವೇಸ್ಟನ್ನೇ ಸುತ್ತಿಕೊಂಡು ಕೆಲಸ ಮುಂದುವರಿಸುತ್ತಾರೆ. ಮನೆಗೆ ಬಂದ ಮೇಲೆ ಅರಿಸಿನವೋ ಕಾಫಿಪುಡಿಯೋ. ಮಾರನೆಯ ದಿನ ಒಂದು ಟಿಟಿ. ‘ಇಂಜೆಕ್ಷನ್ ಆಯ್ತಲ್ಲ, ಇನ್ನೇನು’ ಎಂಬ ನೆಮ್ಮದಿ. ಮಳೆಗಾಲ ಹೊಸ್ತಿಲಲ್ಲಿರುವಾಗ ಈ ನೆಮ್ಮದಿಯೇ ಅಪಾಯ.

ಟಿಟಿ ತಡೆಯುವುದು ಧನುರ್ವಾಯು ಒಂದನ್ನೇ. ಗಾಯ ಕೀವಾಗುವುದನ್ನು, ನಂಜು ರಕ್ತಕ್ಕೇರುವುದನ್ನು ಅದು ತಡೆಯದು. ಅದಕ್ಕೆ ಗಾಯವಾದ ಕೂಡಲೇ ಹರಿಯುವ ನಲ್ಲಿ ನೀರು, ಸೋಪು, ಶುದ್ಧ ಬಟ್ಟೆ ಬೇಕು.

ಮೈಸೂರು ರಸ್ತೆಯ ಮಗ್ಗುಲಲ್ಲಿ ಕೆಂಗೇರಿಯತ್ತ ಸಾಗುವ ವೃಷಭಾವತಿ ಊರಿನ ಕೊಳಚೆಯನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು ಹರಿಯುತ್ತದೆ. ಜೋರು ಮಳೆಗೆ ರಾಜಕಾಲುವೆ ಉಕ್ಕಿದರೆ ತಗ್ಗಿನ ಬೀದಿಯವರು ಆ ನೀರಿನಲ್ಲೇ ನಡೆಯಬೇಕು. ಇಲಿಯ ಮೂತ್ರ ಬೆರೆತ ನೀರಿನಲ್ಲಿರುವ ಇಲಿಜ್ವರದ ರೋಗಾಣುವಿಗೆ ಒಡೆದ ಹಿಮ್ಮಡಿಯೂ ಬಾಗಿಲೇ.

ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. ವರ್ಷಗಳ ಕಾಯಿಲೆಗೆ ಪಾದ ಜೋಮು ಹಿಡಿದಿರುತ್ತದೆ. ಚಪ್ಪಲಿಯೊಳಗೆ ಸೇರಿದ ಕಲ್ಲು ಕೊರೆದದ್ದೂ ತಿಳಿಯುವುದಿಲ್ಲ. ಕಾಲ್ಚೀಲಕ್ಕೆ ಕೀವು ಅಂಟಿದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಹಂತ ತಲುಪಿರಬಹುದು. ಅವರು ನೋವಿಗಾಗಿ ಕಾಯದೆ ರಾತ್ರಿ ಮಲಗುವ ಮುನ್ನ ಅಂಗಾಲು, ಬೆರಳ ಸಂದು ನೋಡಿಕೊಳ್ಳಲಿ.

ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಪಡೆದ ಮೂರು ಮಾತ್ರೆ ಗಾಯಕ್ಕೆ ಮದ್ದಲ್ಲ. 2014ರಿಂದ ಹಲವು ಪ್ರಬಲ ಆ್ಯಂಟಿಬಯೋಟಿಕ್‌ಗಳು ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಮನಸ್ಸಿಗೆ ಬಂದಂತೆ ನುಂಗಿದರೆ ಮದ್ದಿಗೆ ಬಗ್ಗದ ರೋಗಾಣುಗಳನ್ನು ನಾವೇ ಸಾಕಿದಂತೆ.

ಗಾಯದ ಸುತ್ತ ಕೆಂಪಾಗಿದ್ದರೆ ಅದರ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಕೆಂಪು ಆ ಗೆರೆ ದಾಟಿದರೆ, ಚಳಿಜ್ವರ ಬಂದರೆ, ಸಣ್ಣ ಗಾಯಕ್ಕೆ ತಡೆಯಲಾರದ ನೋವಾದರೆ ‘ಬೆಳಗಾಗಲಿ’ ಎನ್ನದೆ ಆಸ್ಪತ್ರೆಗೆ ಹೊರಡಿ.

ಇದಿಷ್ಟೂ ಕಾರ್ಮಿಕರಿಗೆ ಗೊತ್ತಿಲ್ಲವೆಂದಲ್ಲ. ರಾಜಾಜಿನಗರದಲ್ಲೇ ಇಎಸ್‌ಐ ಆಸ್ಪತ್ರೆಯಿದೆ. ಆದರೆ ನಾಲ್ಕೈದು ಜನ ದುಡಿಯುವ ಶೆಡ್ಡಿನವರಿಗೆ ಇಎಸ್‌ಐ ಕಾರ್ಡೇ ಇರುವುದಿಲ್ಲ. ಡ್ರೆಸಿಂಗ್‌ಗೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಮಳೆಗಾಲದಲ್ಲಾದರೂ ಈ ಭಾಗದ ಪ್ರತಿ ‘ನಮ್ಮ ಕ್ಲಿನಿಕ್’ನಲ್ಲೂ ಸಂಜೆ ಏಳೆಂಟರವರೆಗೆ ಡ್ರೆಸಿಂಗ್ ಸಿಗಲಿ. ಪ್ರತಿ ಶೆಡ್ಡಿನಲ್ಲೂ ಸೋಪು, ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲಿ. ಗಾಯ ತೋರಿಸಲು ಹೋದವರ ಕೂಲಿಯನ್ನು ಮಾಲೀಕರು ಹಿಡಿಯದಿರಲಿ. ಆ ಅರ್ಧ ದಿನದ ಕೂಲಿಗೆ ಹೆದರಿಯೇ ಬೆರಳಿನ ಗಾಯ ಕೈಗೇರುತ್ತಿದೆ.